ಹನ್ನೊಂದನೆಯ ಸ್ಕಾರ್ಫು

ಹತ್ತು ಸಡಿಲ, ಒಂದು ಗಂಟು. ಟೈಲರಮ್ಮ ಕನ್ನಡಕ ತೆಗೆದು ತುಂಡುಬಟ್ಟೆಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ತಾರಸಿಯ ಗೋಡೆಗೆ ಹೊಟ್ಟೆ ಆನಿಸಿ ನಿಂತು, ಎಡಸಾಲಿನ ಕಿಟಕಿಗಳನ್ನೂ ಬಲಸಾಲಿನ ಕಿಟಕಿಗಳನ್ನೂ ಇನ್ನೊಮ್ಮೆ ಎಣಿಸಿದಳು. ಎಣಿಕೆ ಬದಲಾಗಲಿಲ್ಲ. ಎಡಸಾಲಿನ ಕೊನೆಯ ಮನೆ, ನೆಲಮಹಡಿ, ಅರ್ಧ ಮುಚ್ಚಿದ ಕಿಟಕಿ, ಅದರ ಸರಳಿಗೆ ಸಿಕ್ಕಿಸಿದ ಹಳದಿ ಸ್ಕಾರ್ಫು. ಸ್ಕಾರ್ಫಿನ ತುದಿಯಲ್ಲಿ ಗೋಲಿಯಷ್ಟು ದಪ್ಪದ ಗಂಟು. ನಾಲ್ಕು ವಾರವಾಯಿತು, ಆ ಗಂಟು ಬಿಚ್ಚಿಕೊಂಡಿರಲಿಲ್ಲ.

ಅವಳು ಸೀಟಿ ಊದಿದಳು. ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು. ಓಣಿಯ ಉದ್ದಕ್ಕೂ ಕಿಟಕಿಗಳಲ್ಲಿ ಪುಟ್ಟ ತಲೆಗಳು ಮೂಡಿದವು. ಹಾಜರಿ ಎಂದರೆ ಚಪ್ಪಾಳೆ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಪಿಟೀಲು ಎಂದು ಹೆಸರು ಬಿದ್ದ ಹುಡುಗನದು ಐದು ಚಪ್ಪಾಳೆ, ಜೊತೆಗೆ ಕೇಳದಿದ್ದರೂ ಒಂದು ಕಿರುಚು. ಅವನ ಎದುರಿನ ಗುಂಡಮ್ಮನದು ಮೂರು. ಹೀಗೆ ಚಪ್ಪಾಳೆ ಕಿಟಕಿಯಿಂದ ಕಿಟಕಿಗೆ ದಾಟಿಕೊಂಡು ಓಣಿಯ ತುದಿಗೆ ಹೋಗಿ, ಕೊನೆಯ ಮನೆಯ ಮುಂದೆ ಬಾವಿಗೆ ಬಿದ್ದಂತೆ ಸುಮ್ಮನಾಯಿತು. ಅಲ್ಲಿ ಎರಡು ಚಪ್ಪಾಳೆ ಕೇಳಬೇಕಿತ್ತು. ಕೇಳಲಿಲ್ಲ.

ಅದು ಸೂಜಿಯ ಮನೆ. ಸೂಜಿ ಎಂದರೆ ಎಂಟು ವರ್ಷದ ಹುಡುಗಿ. ತೆಳ್ಳಗೆ, ನೆಟ್ಟಗೆ, ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರುವವಳು ಎಂದು ಟೈಲರಮ್ಮನೇ ಇಟ್ಟ ಹೆಸರು. ಅವಳ ಇಬ್ಬರು ತಮ್ಮಂದಿರು ಅವಳಿಗಳು, ಇನ್ನೂ ನಾಲ್ಕು ತುಂಬಿರಲಿಲ್ಲ. ಒಬ್ಬನನ್ನು ಬಿಟ್ಟು ಒಬ್ಬನಿರದ ಕಾರಣ ಅವರಿಗೆ ಗುಂಡಿ, ಕಾಜಾ ಎಂದು ಹೆಸರಾಗಿತ್ತು.

ಅವರದು ಸ್ಕೌಟಿನಂಥ ಮಕ್ಕಳ ದಳ, ದೊಡ್ಡದೇನಲ್ಲ. ಆರರಿಂದ ಒಂಬತ್ತು ವರ್ಷದ ಹನ್ನೊಂದು ಮಕ್ಕಳು, ಶಾಲೆಯ ಹಿಂದಿನ ಅಂಗಳ, ಶನಿವಾರ ಸಂಜೆಯ ಎರಡು ಗಂಟೆ. ಊರಿನಲ್ಲಿ ಇಂಥ ಎಂಟು ಮರಿದಳಗಳಿದ್ದವು. ದಳದ ಮುಂದಾಳಿಗೆ ಎಷ್ಟೇ ವಯಸ್ಸಾಗಿರಲಿ, ಮಕ್ಕಳು ದೊಡ್ಡಕ್ಕ ಎಂದೇ ಕರೆಯಬೇಕು. ಟೈಲರಮ್ಮನಿಗೆ ಐವತ್ತೆಂಟು. ಅವಳೊಂದಿಗೇ ಇದ್ದು ಗುಂಡಿ ಹೊಲಿಯುವ, ಕಚ್ಚಾ ಹೊಲಿಗೆ ಬಿಚ್ಚುವ ಕೆಲಸ ಮಾಡುತ್ತಿದ್ದ ಅತ್ತಿಗೆ, ತಲೆಯೆಲ್ಲ ಹತ್ತಿಯಾದರೂ ಇವಳಿನ್ನೂ ಅಕ್ಕ, ನಾನು ಮಾತ್ರ ಅಜ್ಜಿ ಎಂದು ಬಂದವರೆದುರು ಹೇಳಿ ನಗುತ್ತಿದ್ದಳು. ಅಣ್ಣ ಹೋದ ಮೇಲೆ ಅತ್ತಿಗೆ ಇವಳ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಆ ಬಾಯಿಗೂ ಆ ಹೊಲಿಗೆಗೂ ಬಿಡುವು ಸಿಕ್ಕಿರಲಿಲ್ಲ.

ದಳಕ್ಕೆ ಒಂದು ಹಳೆಯ ರೂಢಿಯಿತ್ತು. ಬೆಳಿಗ್ಗೆ ಎದ್ದ ಕೂಡಲೇ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಬೇಕು. ದಿನದಲ್ಲಿ ಯಾರಿಗಾದರೂ ಒಂದು ಉಪಕಾರ ಮಾಡಬೇಕು. ಮಾಡಿ ಮುಗಿಸಿದ ಮೇಲೆ ಗಂಟು ಬಿಚ್ಚಬೇಕು. ಏನು ಮಾಡಿದೆ ಎಂದು ಹೇಳಬಾರದು, ಬೇರೆಯವರೂ ಕೇಳಬಾರದು. ಎಂಟೂ ದಳಗಳಿಗೆ ಹಿರಿಯರಾದ ಡ್ರಿಲ್ ಮಾಸ್ತರು ಇದನ್ನು ಪ್ರತಿ ವರ್ಷ ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದರು: ಬಾಯಿಬಿಟ್ಟು ಹೇಳಿದ ಉಪಕಾರ ಉಪಕಾರವಲ್ಲ, ಜಾಹೀರಾತು.

ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿದಾಗ ಅಂಗಳಕ್ಕೂ ಬೀಗ ಬಿತ್ತು. ಡ್ರಿಲ್ ಮಾಸ್ತರು ಮನೆಯಲ್ಲೇ ಆಡುವ ಆಟಗಳ ವಿಡಿಯೋಗಳನ್ನು ಫೋನಿಗೆ ಕಳಿಸತೊಡಗಿದರು. ಈ ಓಣಿಯ ಹನ್ನೊಂದು ಮಕ್ಕಳ ಮನೆಗಳಲ್ಲಿ ಅವರ ಕೈಗೆ ಸಿಗುವ ಫೋನು ಮೂರು. ಟೈಲರಮ್ಮನ ಫೋನಿನ ಗಾಜು ಒಡೆದು ಜೇಡರಬಲೆಯಾಗಿತ್ತು, ಅದರಲ್ಲಿ ಮಾಸ್ತರ ಮುಖವೇ ನಾಲ್ಕು ತುಂಡಾಗಿ ಕಾಣುತ್ತಿತ್ತು. ಅವಳು ಒಂದು ದಿನವಿಡೀ ಯೋಚಿಸಿ, ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ಹನ್ನೊಂದು ಪುಟ್ಟ ಚೀಲ ಹೊಲಿದಳು. ಚೀಲಕ್ಕೊಂದು ಹಗ್ಗ. ಬೆಳಿಗ್ಗೆ ಸಾಮಾನು ತರಲು ಬಿಡುತ್ತಿದ್ದ ಹೊತ್ತಿನಲ್ಲಿ ಅವಳು ಓಣಿಯಲ್ಲಿ ಹೊರಟರೆ ಮೇಲಿನಿಂದ ಚೀಲಗಳು ತೂಗಾಡುತ್ತ ಇಳಿಯುತ್ತಿದ್ದವು. ಒಂದೊಂದರಲ್ಲೂ ಒಂದು ಚೀಟಿ ಹಾಕುತ್ತಿದ್ದಳು. ಚೀಟಿಯಲ್ಲಿ ಆ ದಿನದ ಆಟ. ಆಟಕ್ಕೆ ಬೇಕಾಗುವುದೆಲ್ಲ ಯಾವ ಮನೆಯಲ್ಲೂ ಇರುವ ವಸ್ತುವೇ: ಮೂರು ಚಮಚ, ಒಂದು ದಿಂಬು, ಅಪ್ಪನ ಹಳೆಯ ಕಾಲುಚೀಲ. ಮೊದಲ ದಿನದ ಆಟ ಕಳ್ಳಬೆಕ್ಕು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಸದ್ದಿಲ್ಲದೆ ನಡೆಯಬೇಕು, ಸದ್ದಾದರೆ ನೀನು ನಾಯಿ, ಮೊದಲಿನಿಂದ ಶುರುಮಾಡು.

ಸಂಜೆ ನಾಲ್ಕಕ್ಕೆ ಸ್ಕಾರ್ಫನ್ನು ಕಿಟಕಿಗೆ ಕಟ್ಟಬೇಕು. ಗಂಟು ಬಿಚ್ಚಿದ್ದರೆ ಉಪಕಾರವಾಯಿತೆಂದು ದೊಡ್ಡಕ್ಕನಿಗೆ ತಿಳಿಯುತ್ತದೆ. ಅವಳ ಮನೆ ಓಣಿಯ ತಳಕ್ಕೆ ಅಡ್ಡಲಾಗಿ ಕೂತಿದ್ದರಿಂದ ತಾರಸಿಗೆ ಹತ್ತಿದರೆ ಎರಡೂ ಸಾಲು ಅಂಗೈಯ ಗೆರೆಯಂತೆ ಕಾಣುತ್ತಿದ್ದವು.

ಉಪಕಾರದ ಹೊಡೆತಕ್ಕೆ ಓಣಿ ಒಂದು ವಾರ ತತ್ತರಿಸಿತು. ಒಬ್ಬ ತನ್ನ ಅಪ್ಪನ ಚರ್ಮದ ಬೂಟುಗಳನ್ನು ಸೋಪಿನ ನೀರಲ್ಲಿ ನೆನೆಹಾಕಿದ. ಅಕ್ಕತಂಗಿಯರಿಬ್ಬರು ಒಬ್ಬರಿಗೊಬ್ಬರು ಹೇಳದೆ ಒಂದೇ ಅಡುಗೆಗೆ ಎರಡು ಸಲ ಉಪ್ಪು ಹಾಕಿದರು. ಪಿಟೀಲು ತನ್ನ ತಾತ ಮಧ್ಯಾಹ್ನ ನಿದ್ದೆ ಹೋಗಿದ್ದಾಗ ಅವರ ಒಂದು ಕಡೆಯ ಮೀಸೆಯನ್ನು ಕತ್ತರಿಸಿ ಚಂದ ಮಾಡಿದ. ಎದ್ದ ತಾತ ಕನ್ನಡಿ ನೋಡಿ ಕೇಳಿದರೆ, ಉಪಕಾರದ ಬಗ್ಗೆ ಕೇಳೋ ಹಾಗಿಲ್ಲ ಎಂದನಂತೆ. ಅವನ ತಾಯಿ ಫೋನು ಮಾಡಿ ಹೇಳುವಾಗ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಟೈಲರಮ್ಮನಿಗೆ ತಿಳಿಯಲಿಲ್ಲ. ಆದರೂ ಯಾರೂ ಮಕ್ಕಳನ್ನು ಬಿಡಿಸಲಿಲ್ಲ. ಮಕ್ಕಳಿಗೆ ಮಾಡಲು ಒಂದು ಕೆಲಸವಿತ್ತು, ತಾಯಂದಿರಿಗೆ ಉಸಿರಾಡಲು ಒಂದು ಗಳಿಗೆಯಿತ್ತು.

ಎರಡನೆಯ ವಾರ ಮಾಸ್ತರಿಂದ ಸುದ್ದಿ ಬಂತು. ಲಾಕ್‌ಡೌನಿನ ನಲವತ್ತನೆಯ ದಿನ ಸಂಜೆ ಯಾವ ದಳದ ಎಲ್ಲ ಮಕ್ಕಳ ಸ್ಕಾರ್ಫುಗಳೂ ಗಂಟಿಲ್ಲದೆ ಇರುತ್ತವೋ, ಆ ದಳ ಫೋಟೋ ಕಳಿಸಬೇಕು. ಊರು ತೆರೆದ ಮೇಲೆ ನಡೆಯುವ ಮೆರವಣಿಗೆಯಲ್ಲಿ ಬಾವುಟ ಆ ದಳದ್ದು.

ಬಾವುಟವೆಂದರೆ ಟೈಲರಮ್ಮನ ಎದೆಯಲ್ಲಿ ಹದಿನಾಲ್ಕು ವರ್ಷದಿಂದ ಚುಚ್ಚಿಕೊಂಡೇ ಇದ್ದ ಪಿನ್ನು. ಪ್ರತಿ ವರ್ಷ ಬಾವುಟ ಹಿಡಿದವರು ಮುಂದೆ, ಅವರ ಹಿಂದೆ ಬೂಟು ಹೊಳೆಯುವ ದಳಗಳು, ಎಲ್ಲರ ಹಿಂದೆ ಇವಳ ಮಕ್ಕಳು. ಒಬ್ಬನದು ಎಡ ಎಂದರೆ ಒಬ್ಬಳದು ಬಲ. ಊರವರು ಇವರನ್ನು ಬಾಲದ ದಳ ಎನ್ನುತ್ತಿದ್ದರು. ಮುಂದಿನವರು ಎಬ್ಬಿಸಿದ ಧೂಳನ್ನೆಲ್ಲ ಕುಡಿದು ಮನೆಗೆ ಬಂದ ಮೇಲೆ ಅವಳು ಆ ಹನ್ನೊಂದು ಸ್ಕಾರ್ಫುಗಳನ್ನು ತಾನೇ ಒಗೆದು, ತಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಬಾಲವಾದರೂ ಸುಕ್ಕಿರಬಾರದು ಎನ್ನುವುದು ಅವಳ ಹಟ.

ಈಗ ಬಾಲಕ್ಕೆ ಬಾಯಿ ಬರುವ ಹೊತ್ತು ಬಂದಿತ್ತು. ವಿಡಿಯೋ ನೋಡಿ ಆಡುತ್ತಿದ್ದ ದಳಗಳು ಒಂದೊಂದೇ ಉದುರಿಹೋಗಿದ್ದವು. ಮಕ್ಕಳಿಗೆ ಬೇಸರ ಬಂದಿತ್ತು, ಸ್ಕಾರ್ಫುಗಳು ಯಾವ ಪೆಟ್ಟಿಗೆಯ ತಳದಲ್ಲೋ ಇದ್ದವು. ಮಾಸ್ತರೇ ಫೋನು ಮಾಡಿ, ಇನ್ನು ಉಳಿದಿರುವುದು ನಿಮ್ಮ ದಳ ಒಂದೇ ಎಂದು ಕಾಣುತ್ತದೆ ಎಂದಿದ್ದರು. ಆ ದಿನ ಅವಳು ಹೊಲಿಯಲು ಬಂದಿದ್ದ ಮಾಸ್ಕುಗಳಲ್ಲಿ ಇಪ್ಪತ್ತಕ್ಕೆ ನೆರಿಗೆಯನ್ನು ತಲೆಕೆಳಗಾಗಿ ಹಾಕಿ, ಎಲ್ಲವನ್ನೂ ಬಿಚ್ಚಿ ಹೊಲಿದಿದ್ದಳು.

ಹತ್ತು ಸಡಿಲ. ಒಂದು ಗಂಟು.

ಸೂಜಿಗೆ ಯಾಕೆ ಈ ಹಟ ಎನ್ನುವುದಕ್ಕೆ ಅವಳ ಹತ್ತಿರ ಒಂದು ಕಾರಣವಿತ್ತು, ಅದು ಅವಳನ್ನೇ ಚುಚ್ಚುತ್ತಿತ್ತು. ಬಾಗಿಲು ಹಾಕುವ ಮೊದಲಿನ ಶನಿವಾರ ಮಕ್ಕಳಲ್ಲೊಬ್ಬರಿಗೆ ಮರಿಮುಂದಾಳಿನ ರಿಬ್ಬನ್ ಕೊಡಬೇಕಿತ್ತು. ಕೈಸನ್ನೆ, ಗಂಟು, ನಡಿಗೆ ಎಲ್ಲದರಲ್ಲೂ ಸೂಜಿಯೇ ಮುಂದಿದ್ದಳು. ಆದರೆ ಸಾಲು ಕೂಗಿಸಲು ನಿಲ್ಲಿಸಿದರೆ ಅವಳ ದನಿ ತುಟಿ ದಾಟಲಿಲ್ಲ. ಎರಡು ಸಲ ನೋಡಿ ಟೈಲರಮ್ಮ ರಿಬ್ಬನ್ನನ್ನು ಪಿಟೀಲಿಗೆ ಕಟ್ಟಿದ್ದಳು. ದನಿಯೇ ಇಲ್ಲದೆ ಮುಂದಾಳು ಹೇಗಾಗುತ್ತೀ ಪುಟ್ಟಿ ಎಂದು ನಗುತ್ತ ಹೇಳಿದ್ದಳು. ಹುಡುಗಿ ತಲೆ ತಗ್ಗಿಸಿ ಸಾಲಿಗೆ ಹಿಂದಿರುಗಿದ್ದಳು. ಮುನಿಸಿಕೊಂಡವರು ಚಪ್ಪಾಳೆ ತಟ್ಟುವರೇ, ಗಂಟು ಬಿಚ್ಚುವರೇ?

ಆ ಮನೆಗೆ ಹೋಗಿ ಕೇಳಿಬರುವವರೂ ಯಾರೂ ಇರಲಿಲ್ಲ. ಸೂಜಿಯ ತಾಯಿ ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವ, ಹಾಸಿಗೆ ಬದಲಿಸುವ ಕೆಲಸದವಳು. ರೋಗ ಬಂದ ಮೇಲೆ ಓಣಿಯವರು ಆ ಬಾಗಿಲಿನ ಮುಂದೆ ಬಂದರೆ ಎದುರು ಗೋಡೆಯ ಬದಿಗೆ ಸರಿದು ನಡೆಯುತ್ತಿದ್ದರು. ತಂದೆ ಲಾರಿ ಓಡಿಸುವವನು, ದೂರದ ಯಾವುದೋ ಊರಿನಲ್ಲಿ ಲಾರಿಯ ಜೊತೆಗೇ ಸಿಕ್ಕಿಕೊಂಡಿದ್ದ. ಬೆಳಿಗ್ಗೆ ಟೈಲರಮ್ಮ ಹೋಗುವ ಹೊತ್ತಿಗೆ ಚೀಲ ಸರಳಿಗೆ ನೇತುಹಾಕಿರುತ್ತಿತ್ತು, ನಿನ್ನೆಯ ಚೀಟಿ ಅದರಲ್ಲಿ ಇರುತ್ತಿರಲಿಲ್ಲ. ಅಷ್ಟೇ ಗುರುತು.

ಮೂವತ್ತೆಂಟನೆಯ ದಿನ ಅತ್ತಿಗೆ ಮಾಸ್ಕುಗಳಿಗೆ ಇಲಾಸ್ಟಿಕ್ ಕತ್ತರಿಸುತ್ತ ಕೂತು ಇವಳ ಮುಖ ನೋಡಿದಳು.

"ಏನೇ, ಮುಖ ಯಾಕೆ ಹಾಗೆ ಸೊಟ್ಟ ಹೊಲಿಗೆ ಆಗಿದೆ?"

"ಆ ಹುಡುಗಿ ಗಂಟು ಬಿಚ್ತಾನೇ ಇಲ್ಲ ಅತ್ತಿಗೆ. ನಾಡಿದ್ದು ಫೋಟೋ."

"ಅದಕ್ಕೆ ಇಷ್ಟೊಂದು ಯೋಚನೆಯಾ? ಸ್ಕಾರ್ಫ್ ಹೊಲಿದೋಳು ನೀನು. ಬಟ್ಟೆ ನಿನ್ನದು, ದಾರ ನಿನ್ನದು. ಇನ್ನೊಂದು ಹೊಲಿಯೋಕೆ ಎಷ್ಟು ಹೊತ್ತು ಬೇಕು? ಗಂಟಿರೋದರ ಮೇಲೆ ಗಂಟಿಲ್ಲದ್ದು ಕಟ್ಟಿ ಬಾ. ಫೋಟೋಗೆ ಒಳಗಿಂದು ಕಾಣುತ್ತಾ?"

ಅತ್ತಿಗೆ ಆಡಿದ್ದು ತಮಾಷೆಗೆ. ಆದರೆ ತಮಾಷೆಯ ಮಾತು ಕಿವಿಯಲ್ಲಿ ಹೊಕ್ಕರೆ ಕೆಲವು ಸಲ ಕೈಗೆ ಇಳಿದುಬಿಡುತ್ತದೆ. ಮರುದಿನ ಊಟವಾದ ಮೇಲೆ ಅತ್ತಿಗೆ ಒರಗಿದ್ದಳು. ಟೈಲರಮ್ಮ ಹಳದಿ ಬಟ್ಟೆಯ ಸುರುಳಿ ಬಿಚ್ಚಿ ಮೂಲೆಯಿಂದ ಮೂಲೆಗೆ ಮಡಿಸಿ ಕತ್ತರಿಸಿದಳು, ಅಂಚಿಗೆ ಹಸಿರು ಪಟ್ಟಿ ಕೊಟ್ಟಳು. ಕಾಲು ಗಂಟೆಯೂ ಬೇಕಾಗಲಿಲ್ಲ. ಹೊಸದೆಂದು ಗೊತ್ತಾಗದಿರಲೆಂದು ಒಂದು ಸಲ ನೀರಿನಲ್ಲಿ ಅದ್ದಿ, ಹಿಂಡಿ, ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದಳು. ಹದಿನಾಲ್ಕು ವರ್ಷದಲ್ಲಿ ಮಕ್ಕಳಿಗೆ ಹೊಲಿದ ಯಾವ ಬಟ್ಟೆಯನ್ನೂ ಅವಳು ಮುಚ್ಚಿಟ್ಟುಕೊಂಡು ಒಯ್ದಿರಲಿಲ್ಲ. ಇದನ್ನು ಮಡಿಸಿ ಮಾಸ್ಕಿನ ಕಟ್ಟಿನ ಕೆಳಗೆ ಹಿಡಿದುಕೊಂಡು ಹೊರಟಳು.

ಮೊದಲು ಕೇಳಿ ನೋಡೋಣ, ಒಪ್ಪದಿದ್ದರೆ ಇದು ಎಂದುಕೊಂಡಿದ್ದಳು.

ಮಧ್ಯಾಹ್ನದ ಓಣಿ ಖಾಲಿಯಾಗಿತ್ತು. ಕೊನೆಯ ಮನೆಯ ಕಿಟಕಿಯ ಮುಂದೆ ನಿಂತು, ಬಾಗಿಲು ತಟ್ಟಲೋ ಬೇಡವೋ ಎಂದು ನೋಡುತ್ತಿರುವಾಗಲೇ ಪರದೆಯ ಅಂಚು ಸರಿದು ಸೂಜಿಯ ಮುಖ ಕಾಣಿಸಿತು. ಹುಡುಗಿ ಮೊದಲು ಮಾಡಿದ್ದು ತುಟಿಯ ಮೇಲೆ ಬೆರಳಿಟ್ಟದ್ದು.

ಟೈಲರಮ್ಮ ದನಿ ಇಳಿಸಿದಳು. "ಪುಟ್ಟಿ, ಚೆನ್ನಾಗಿದ್ದೀಯಾ? ನನ್ನ ಮೇಲೆ ಕೋಪಾನಾ?"

ಸೂಜಿ ಇಲ್ಲವೆಂದು ತಲೆಯಾಡಿಸಿದಳು. ಕೋಪ ಯಾವುದಕ್ಕೆ ಎಂದೇ ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ.

"ನಾಳೆ ಫೋಟೋ. ನಾಲ್ಕು ಗಂಟೆಗೆ ಒಂದೇ ಒಂದು ನಿಮಿಷ ಗಂಟು ಬಿಚ್ಚಿಬಿಡು. ಆಮೇಲೆ ಬೇಕಾದರೆ ಕಟ್ಕೋ. ನಮಗೆ ಬಾವುಟ ಬರುತ್ತೆ ಕಣೆ."

"ಇನ್ನೂ ಮುಗಿದಿಲ್ಲ ದೊಡ್ಡಕ್ಕ." ಮಾತಿಗಿಂತ ಉಸಿರೇ ಹೆಚ್ಚಿತ್ತು.

"ಏನು ಮುಗಿದಿಲ್ಲ?"

ಹುಡುಗಿ ಅವಳನ್ನೇ ನೋಡಿದಳು, ಪಾಠ ಮರೆತ ಮಗುವನ್ನು ದೊಡ್ಡವರು ನೋಡುವಂತೆ. "ಕೇಳಬಾರದು ಅಂತ ನೀವೇ ಹೇಳಿದ್ರಲ್ಲ."

ಸೂಜಿ ಇನ್ನೇನೋ ಹೇಳಲು ಬಂದಳು. "ದೊಡ್ಡಕ್ಕ, ಆ ಸೀಟಿ..." ಎಂದವಳು ನಿಲ್ಲಿಸಿ, ಅದನ್ನು ಹೇಳಿದರೆ ಉಪಕಾರವನ್ನೇ ಹೇಳಿದಂತಾಗುತ್ತದೆ ಎನಿಸಿತೋ ಏನೋ, ಮಾತನ್ನು ನುಂಗಿಕೊಂಡು ಒಳಗೆ ಹೋದಳು.

ಪರದೆ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ನಾಲ್ಕು ಬೆರಳಿನ ಅಗಲದ ಸಂದಿ ಉಳಿಯಿತು. ಟೈಲರಮ್ಮ ಹೊರಟವಳು ಹೊರಡಲಿಲ್ಲ.

ಒಂದೇ ಕೋಣೆಯ ಮನೆ. ಗೋಡೆಯ ಪಕ್ಕದ ಹಾಸಿಗೆಯಲ್ಲಿ ಸೂಜಿಯ ತಾಯಿ ಆ ಕಡೆ ತಿರುಗಿ ಮಲಗಿದ್ದಳು. ಹಗಲು ಬೆಳಕಿನಲ್ಲಿ ಅಷ್ಟು ಗಾಢವಾಗಿ ನಿದ್ದೆ ಹೋಗಿದ್ದನ್ನು ನೋಡಿದರೆ ರಾತ್ರಿಯಿಡೀ ನಿಂತೇ ಕಳೆದವಳೆಂದು ಯಾರಿಗಾದರೂ ತಿಳಿಯುತ್ತಿತ್ತು. ಕಿವಿಯ ಹಿಂದೆ ಮಾಸ್ಕಿನ ದಾರ ಕೊರೆದ ಗೆರೆ ಕೆಂಪಗೆ ಇತ್ತು. ಕಿಟಕಿಯ ಹೊರಗೆ ನಿಂತವಳ ಕೈಯಲ್ಲಿದ್ದ ಕಟ್ಟಿನ ಮಾಸ್ಕುಗಳಿಗೂ ಅದೇ ಇಲಾಸ್ಟಿಕ್ ದಾರ ಇತ್ತು.

ಕೋಣೆಯ ಉಳಿದರ್ಧದಲ್ಲಿ ಮರಿದಳ ಸೇರಿತ್ತು.

ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗೆರೆಯ ಮೇಲೆ ಗುಂಡಿ, ಅವನ ಹಿಂದೆ ಕಾಜಾ. ಇಬ್ಬರ ಪಾದಗಳಿಗೂ ಹಳೆಯ ಬಟ್ಟೆ ಸುತ್ತಿ ಕಟ್ಟಿತ್ತು. ಕಟ್ಟಿದ ಗಂಟುಗಳು ಟೈಲರಮ್ಮ ಕಲಿಸಿದ ಚಪ್ಪಟೆ ಗಂಟುಗಳೇ, ಒಂದೂ ತಪ್ಪಿರಲಿಲ್ಲ. ಇಬ್ಬರ ಕೈಯಲ್ಲೂ ಚಮಚ, ಚಮಚದಲ್ಲಿ ಒಂದೊಂದು ಕಡಲೆಕಾಳು. ಗೆರೆಯ ಆ ತುದಿಯಲ್ಲಿ ಸೂಜಿ. ಅವಳು ಮುಷ್ಟಿ ಎತ್ತಿದರೆ ಇಬ್ಬರೂ ನಿಂತರು. ಅಂಗೈ ಬಿಡಿಸಿ ಕೆಳಗೆ ತಂದರೆ ಇಬ್ಬರೂ ಕೂತರು. ಎರಡು ಬೆರಳು ತೋರಿಸಿದರೆ ಎದ್ದು ಸಾಲಾದರು. ಅಂಗಳದಲ್ಲಿ ಎರಡು ವರ್ಷ ಗಂಟಲು ಹರಿದುಕೊಂಡು ಕಲಿಸಿದರೂ, ಸೀಟಿ ಊದದೆ ಒಂದು ಮಗುವೂ ಆ ಸನ್ನೆಗಳ ಕಡೆ ತಿರುಗಿ ನೋಡಿದ್ದಿಲ್ಲ. ಇಲ್ಲಿ ಇಬ್ಬರು ತುಂಟರು, ಇನ್ನೂ ಮೂಗು ಒರೆಸಿಕೊಳ್ಳಲು ಬಾರದವರು, ಅಕ್ಕನ ಕೈಯನ್ನು ಕಣ್ಣೆವೆ ಬಡಿಯದೆ ನೋಡುತ್ತಿದ್ದರು.

ಕಾಜಾನ ಚಮಚ ಜಾರಿತು. ಟೈಲರಮ್ಮ ಹೊರಗೆ ನಿಂತಲ್ಲೇ ಹಲ್ಲು ಕಚ್ಚಿದಳು. ಚಮಚ ಬಿದ್ದದ್ದು ಗೆರೆಯ ಎರಡೂ ಬದಿಗೆ ಹಾಸಿದ್ದ ಮಡಿಸಿದ ಹೊದಿಕೆಯ ಮೇಲೆ. ಸದ್ದೆಂದರೆ ಬೆಕ್ಕು ಹಾರಿದಷ್ಟು. ಮೂವರೂ ಕಲ್ಲಾದರು. ತಾಯಿ ಒಮ್ಮೆ ಕಾಲು ಎಳೆದುಕೊಂಡಳು, ಮತ್ತೆ ಉಸಿರು ಸಮವಾಯಿತು. ಆಮೇಲೆ ಕಾಜಾ ತಾನಾಗಿಯೇ ಗೆರೆಯ ಈ ತುದಿಗೆ ಬಂದು, ನಾಲಿಗೆ ಹೊರಹಾಕಿ ನಾಯಿಯಂತೆ ಒಂದು ಸಲ ಬಾಲ ಅಲ್ಲಾಡಿಸಿ, ಮೊದಲಿನಿಂದ ಶುರುಮಾಡಿದ. ಗುಂಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸುತ್ತ ನಕ್ಕ. ನಗುವಿಗೂ ಸದ್ದಿರಲಿಲ್ಲ.

ಕಿಟಕಿಯ ಪಕ್ಕದ ಗೋಡೆಗೆ ಅವಳು ಕಳಿಸಿದ ಚೀಟಿಗಳೆಲ್ಲ ಸಾಲಾಗಿ ಅಂಟಿಕೊಂಡಿದ್ದವು. ಹಾಡಿನ ಆಟ, ಚೆಂಡಿನ ಆಟ, ಕೂಗಾಟದ ಆಟ, ಎಲ್ಲದರ ಮೇಲೂ ಪೆನ್ಸಿಲ್ಲಿನಿಂದ ಏನೋ ತಿದ್ದಿತ್ತು. ಕಣ್ಣು ಕಿರಿದು ಮಾಡಿ ಹತ್ತಿರದ ಒಂದನ್ನು ಓದಿದಳು. ಅವಳು ಬರೆದದ್ದು: ಜೋರಾಗಿ ಹತ್ತರವರೆಗೆ ಎಣಿಸಿ ಜಿಗಿಯಿರಿ. ಕೆಳಗೆ ಸೂಜಿಯ ಅಕ್ಷರ: ಬೆರಳಲ್ಲಿ ಎಣಿಸಿ. ದಿಂಬಿನ ಮೇಲೆ ಜಿಗಿಯಿರಿ.

ಆಗ ಅವಳಿಗೆ ಸೀಟಿಯ ಮಾತು ತಿಳಿಯಿತು. ಈ ಕೋಣೆಯಲ್ಲಿ ಮೂರು ಮಕ್ಕಳು ದಿನವಿಡೀ ಉಸಿರು ಬಿಗಿಹಿಡಿದು ಕಾಯ್ದ ನಿದ್ದೆಯನ್ನು ದಿನವೂ ನಾಲ್ಕು ಗಂಟೆಗೆ ತಾರಸಿಯಿಂದ ಸೀಟಿ ಊದಿ ಒಡೆಯುತ್ತಿದ್ದವಳು ಯಾರು? ಅದೂ ಸಾಲದೆಂದು ಓಣಿಯ ಹತ್ತು ಮಕ್ಕಳ ಕೈಯಲ್ಲಿ ಚಪ್ಪಾಳೆ ತಟ್ಟಿಸಿ, ಈ ಹುಡುಗಿ ಎರಡು ತಟ್ಟಲಿಲ್ಲವೆಂದು ಹುಬ್ಬು ಗಂಟಿಕ್ಕಿದವಳು ಯಾರು? ಟೈಲರಮ್ಮ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಬಂದಳು. ಚಪ್ಪಲಿ ಸದ್ದಾಗುತ್ತದೆಂದು ಅದನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಕಾದ ಓಣಿಯನ್ನು ಬರಿಗಾಲಲ್ಲಿ ದಾಟಿದಳು.

ಒದ್ದೆ ಕಣ್ಣಿನಲ್ಲಿ ನಗುತ್ತ ಬಂದವಳನ್ನು ನೋಡಿ ಅತ್ತಿಗೆ, ಬಿಸಿಲು ತಲೆಗೇರಿತೇನೇ ಎಂದಳು. ಟೈಲರಮ್ಮ ಹಳದಿ ಸ್ಕಾರ್ಫನ್ನು ಯಂತ್ರದ ಪೆಟ್ಟಿಗೆಗೆ ಹಾಕಿದಳು. ಅತ್ತಿಗೆ ಅದನ್ನು ನೋಡಿದಳು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಏನೂ ಕೇಳಲಿಲ್ಲ.

ಮರುದಿನ ನಾಲ್ಕಕ್ಕೆ ಸೀಟಿ ಊದಲಿಲ್ಲ. ತಾರಸಿಗೆ ಹತ್ತಿ, ಒಡೆದ ಗಾಜಿನ ಫೋನಿನಲ್ಲೇ ಎರಡೂ ಸಾಲನ್ನು ಹಿಡಿದು ಫೋಟೋ ತೆಗೆದು ಕಳಿಸಿದಳು. ಹತ್ತು ಸ್ಕಾರ್ಫು ಗಾಳಿಗೆ ಹಾರುತ್ತಿದ್ದವು. ಹನ್ನೊಂದನೆಯದು ಗಂಟಿನ ಭಾರಕ್ಕೆ ನೆಟ್ಟಗೆ ನಿಂತಿತ್ತು.

ಹತ್ತು ನಿಮಿಷಕ್ಕೆ ಮಾಸ್ತರ ಫೋನು ಬಂತು.

"ಎಡಗಡೆ ಕೊನೇದರಲ್ಲಿ ಗಂಟು ಕಾಣ್ತಿದೆಯಲ್ಲಮ್ಮ."

"ಹೌದು ಸರ್."

"ಮರೆತುಬಿಟ್ಟಿದ್ದಾಳೆ ಮಗು. ಬಿಚ್ಚಿಸಿ ಇನ್ನೊಂದು ಕಳಿಸಿ, ನಾನು ಕಾಯ್ತೀನಿ."

"ಮರೆತಿಲ್ಲ ಸರ್. ಗೊತ್ತಿದ್ದೇ ಇಟ್ಟುಕೊಂಡಿದ್ದಾಳೆ."

"ಯಾಕೆ? ಕಾರಣ ಒಂದು ಹೇಳಿ. ಸರಿಯಾಗಿದ್ದರೆ ನಾನು ಮೇಲಿನವರ ಹತ್ರ ಮಾತಾಡ್ತೀನಿ."

ಟೈಲರಮ್ಮನ ನಾಲಿಗೆಯ ತುದಿಯಲ್ಲಿ ಇಡೀ ಕೋಣೆ ಬಂದು ನಿಂತಿತು. ಗೆರೆ, ಚಮಚ, ಬಟ್ಟೆ ಸುತ್ತಿದ ನಾಲ್ಕು ಪುಟ್ಟ ಪಾದ. ಒಂದು ಮಾತು ಸಾಕಿತ್ತು, ಬಾವುಟ ಈ ಓಣಿಗೆ ನಡೆದು ಬರುತ್ತಿತ್ತು. ಹೇಳಿದ ಮರುಗಳಿಗೆಯಲ್ಲಿ ಅದು ಊರಿನ ಎಂಟೂ ದಳಗಳ ಫೋನುಗಳಿಗೆ ಹೋಗುತ್ತಿತ್ತು, ಮೆಚ್ಚುಗೆಯ ಮಾತಿನೊಂದಿಗೆ ತಿರುಗಿ ಬಂದು ಆ ಹುಡುಗಿಯ ಕಿಟಕಿಯನ್ನು ತಟ್ಟುತ್ತಿತ್ತು. ಕೇಳಬಾರದು ಅಂತ ನೀವೇ ಹೇಳಿದ್ರಲ್ಲ.

"ಹೇಳೋ ಹಾಗಿಲ್ಲ ಸರ್," ಎಂದಳು.

"ಹೇಳೋ ಹಾಗಿಲ್ಲ ಅಂದ್ರೆ?"

"ನೀವೇ ಕಲಿಸಿದ್ದು. ಹೇಳಿದರೆ ಜಾಹೀರಾತು ಆಗುತ್ತೆ."

ಕಟ್ಟಾಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಕೊನೆಗೆ ಮಾಸ್ತರು, ಹಾಗಾದರೆ ಬಾವುಟ ಈ ಸಲ ಯಾರಿಗೂ ಇಲ್ಲ, ನನಗೇನೂ ಮಾಡಲಾಗುವುದಿಲ್ಲ ಎಂದರು. ಆಗಲಿ ಸರ್ ಎಂದು ಇವಳು ಫೋನು ಇಟ್ಟಳು. ಹದಿನಾಲ್ಕು ವರ್ಷದ ಪಿನ್ನು ಎಲ್ಲಿ ಬಿದ್ದುಹೋಯಿತೋ, ಹುಡುಕಿದರೂ ಎದೆಯಲ್ಲಿ ಚುಚ್ಚಲಿಲ್ಲ. ಬದಲಿಗೆ ಅಲ್ಲಿ ಒಂದು ಬೆಚ್ಚಗಿನ ಬಿಗು, ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಹಾಗೆ.

ಓಣಿ ಮಾತ್ರ ಸುಮ್ಮನಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ತಾಯಂದಿರು ಕಿಟಕಿಯಿಂದ ಕಿಟಕಿಗೆ ಮಾತಾಡಿಕೊಂಡರು. ಪಿಟೀಲಿನ ತಾಯಿ, ಒಬ್ಬಳ ಸೋಮಾರಿತನಕ್ಕೆ ಹತ್ತು ಮಕ್ಕಳ ಕಷ್ಟ ನೀರಲ್ಲಿ ಹೋಯಿತು ಎಂದಳು. ಪಿಟೀಲು ಅದನ್ನೇ ಇನ್ನಷ್ಟು ಮೇಲಿನ ಸ್ವರದಲ್ಲಿ ಓಣಿಗೆ ಸಾರಿದ. ಟೈಲರಮ್ಮ ಯಾರಿಗೂ ಎದುರಾಡಲಿಲ್ಲ. ರಾಜಿಯ ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಚೀಲಗಳಿಗೆ ಹಾಕಿದ ಚೀಟಿಯಲ್ಲಿ ಹೀಗೆ ಬರೆದಿದ್ದಳು:

"ಇವತ್ತಿನ ಆಟ ಮತ್ತೆ ಕಳ್ಳಬೆಕ್ಕು. ಮನೆಯಲ್ಲಿ ಯಾರಾದರೂ ಮಲಗಿರುವಾಗ ಆಡಬೇಕು. ಅವರು ಏಳುವ ತನಕ ಆಡಬೇಕು. ಇವತ್ತಿನಿಂದ ಸೀಟಿ ಇಲ್ಲ, ಚಪ್ಪಾಳೆ ಇಲ್ಲ. ಹಾಜರಿಗೆ ಕೈ ಎತ್ತಿದರೆ ಸಾಕು."

ಪಿಟೀಲು ತಾತನ ಮಧ್ಯಾಹ್ನದ ನಿದ್ದೆಯನ್ನು ಕಾಯಲು ಕೂತು, ಹಾಲು ಉಕ್ಕುವಷ್ಟು ಹೊತ್ತೂ ತಡೆಯಲಾರದೆ ಸೋತನಂತೆ. ತಾತ ಎದ್ದ ಕೂಡಲೇ ಮೀಸೆ ಮುಟ್ಟಿ ನೋಡಿಕೊಂಡರಂತೆ. ಗುಂಡಮ್ಮ ಮೂರು ಸಲ ನಾಯಿಯಾದಳು. ಉಪ್ಪು ಹಾಕಿದ ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ನಕ್ಕೇ ಮುಗಿಯಿತು. ಉಳಿದ ಎಲ್ಲ ಮನೆಯಲ್ಲೂ ಒಂದೇ ಸುದ್ದಿ: ಇದು ಆಗದ ಆಟ, ಯಾರಿಗೂ ಆಗುವುದಿಲ್ಲ.

ನಾಲ್ಕು ಗಂಟೆಗೆ ಟೈಲರಮ್ಮ ತಾರಸಿಯ ಮೇಲೆ ನಿಂತು ಬಲಗೈ ಎತ್ತಿದಳು. ಪಿಟೀಲು ಅಭ್ಯಾಸಕ್ಕೆ ಬಾಯಿ ತೆರೆದವನು ಮುಚ್ಚಿಕೊಂಡು ಕೈ ಎತ್ತಿದ. ಅವನ ಎದುರಿನ ಕೈ ಎದ್ದಿತು. ಕಿಟಕಿಯಿಂದ ಕಿಟಕಿಗೆ ಕೈಗಳು ಏಳುತ್ತ ಹೋದವು. ಓಣಿ ಅಷ್ಟು ಸುಮ್ಮನಾದದ್ದನ್ನು ಯಾರೂ ಕೇಳಿರಲಿಲ್ಲ. ಯಾರದೋ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಎಡಸಾಲಿನ ಕೊನೆಯ ಕಿಟಕಿಯ ಪರದೆ ಅಲುಗಿತು. ಸರಳುಗಳ ನಡುವಿನಿಂದ ಒಂದು ತೆಳ್ಳಗಿನ ಕೈ ಹೊರಬಂದು ಮೇಲಕ್ಕೆ ಎದ್ದಿತು. ಅದರ ಕೆಳಗೆ, ಸರಳುಗಳ ಸಂದಿಯಿಂದ, ಇನ್ನೂ ಎರಡು ಪುಟ್ಟ ಕೈಗಳು. ಒಂದರಲ್ಲಿ ಚಮಚವಿತ್ತು.

ಕೂಗಬೇಡವೆಂದು ಯಾರೂ ಹೇಳದಿದ್ದರೂ ಪಿಟೀಲು ಆ ಕಡೆ ನೋಡಿದವನು ಮತ್ತೆ ಸೋಮಾರಿ ಎನ್ನಲಿಲ್ಲ. ಮಕ್ಕಳಿಗೆ ಎಷ್ಟು ತಿಳಿಯಿತೋ, ಏನು ತಿಳಿಯಿತೋ. ಓಣಿಯಲ್ಲಿ ಆ ಮನೆಯ ಮುಂದೆ ಚೆಂಡು ಪುಟಿಸುವುದು, ಪಾತ್ರೆ ಬಡಿಯುವುದು ತಾನಾಗಿ ನಿಂತಿತು. ಯಾರದೋ ಬೈಕು ಮೂಲೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಶುರುವಾಗತೊಡಗಿತು.

ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ ಟೈಲರಮ್ಮ ಎಂದಿನಂತೆ ತಾರಸಿಗೆ ಹತ್ತಿ ನೋಡಿದರೆ ಹನ್ನೊಂದು ಸ್ಕಾರ್ಫುಗಳೂ ಹಾರುತ್ತಿದ್ದವು. ಸೂಜಿಯ ತಾಯಿಗೆ ಹಗಲು ಪಾಳಿ ಸಿಕ್ಕಿತೆಂದು ಎರಡು ದಿನದ ಮೇಲೆ ಕಿವಿಗೆ ಬಿತ್ತು. ಟೈಲರಮ್ಮ ಅದನ್ನು ಯಾರನ್ನೂ ವಿಚಾರಿಸಲಿಲ್ಲ.

ಅಂಗಳದ ಬೀಗ ತೆಗೆದು, ಮೆರವಣಿಗೆಯ ದಿನ ಗೊತ್ತಾದಾಗ ಮತ್ತೊಂದು ತಿಂಗಳು ಕಳೆದಿತ್ತು. ಎಂಟು ದಳಗಳು ಬಯಲಿನಲ್ಲಿ ಸಾಲಾಗಿ ನಿಂತವು, ಮಕ್ಕಳ ನಡುವೆ ಎರಡೆರಡು ಮಾರು ಬಿಟ್ಟು. ಬಾವುಟ ಯಾರಿಗೂ ಬಾರದ ಕಾರಣ ಡ್ರಿಲ್ ಮಾಸ್ತರೇ ಅದನ್ನು ಹಿಡಿಯುವವರಿದ್ದರು. ಹೊರಡುವ ಮೊದಲು ಸ್ಕಾರ್ಫುಗಳ ತಪಾಸಣೆ. ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರ ಮುಂದೆ ನಿಂತು ನೋಡುತ್ತ ಕೊನೆಯ ದಳಕ್ಕೆ ಬಂದರು.

ಬಾಲದ ದಳದಲ್ಲಿ ಈ ಸಲ ಹದಿಮೂರು ಮಕ್ಕಳಿದ್ದರು. ಕೊನೆಯ ಇಬ್ಬರು ಇನ್ನೂ ದಳಕ್ಕೆ ಸೇರುವ ವಯಸ್ಸಿನವರಲ್ಲ. ಇಬ್ಬರ ಕೊರಳಲ್ಲೂ ಅರ್ಧರ್ಧ ಸ್ಕಾರ್ಫು. ಒಂದನ್ನು ಎರಡು ಮಾಡಿ, ಕತ್ತರಿಸಿದ ಅಂಚಿಗೆ ಹೊಸದಾಗಿ ಹಸಿರು ಪಟ್ಟಿ ಕೊಟ್ಟಿತ್ತು. ಮಾಸ್ತರು ಅವರನ್ನು ನೋಡಿ ಹುಬ್ಬೇರಿಸಿದರು. ಸೂಜಿಯ ಮುಂದೆ ನಿಂತರು. ಎಲ್ಲರ ಸ್ಕಾರ್ಫೂ ಕಾಗದದಂತೆ ಚಪ್ಪಟೆಯಾಗಿದ್ದರೆ ಇವಳದರ ಒಂದು ತುದಿ ಮಾತ್ರ ಹಿಂಡಿದ ಎಲೆಯಂತೆ ಸುಕ್ಕುಗಟ್ಟಿ ಮೇಲಕ್ಕೆ ಸುರುಳಿಯಾಗಿತ್ತು.

"ಇದಕ್ಕೆ ಇಸ್ತ್ರಿ ಹಾಕಿಲ್ವಲ್ಲಮ್ಮ."

"ಅದು ಹೋಗಲ್ಲ ಸರ್," ಎಂದಳು ಟೈಲರಮ್ಮ. ಒದ್ದೆ ಬಟ್ಟೆ ಹಾಸಿ ಕಾದ ಇಸ್ತ್ರಿ ಒತ್ತಿದರೆ ಹೋಗದ ಸುಕ್ಕು ಲೋಕದಲ್ಲಿಲ್ಲವೆಂದು ಅವಳಿಗಿಂತ ಚೆನ್ನಾಗಿ ಆ ಬಯಲಿನಲ್ಲಿ ಬಲ್ಲವರು ಯಾರೂ ಇರಲಿಲ್ಲ.

ಮಾಸ್ತರು ಆ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು, ಹಾಗೆಯೇ ಕೆಳಗಿಳಿಸಿದರು. ಮುಂದಕ್ಕೆ ಹೋಗಿ ಬಾವುಟ ಎತ್ತಿಕೊಂಡರು. ಮುಂದಿನ ದಳಗಳಲ್ಲಿ ಸೀಟಿಗಳು ಒಂದರ ಮೇಲೊಂದು ಕೂಗಿದವು, ಧೂಳು ಎದ್ದಿತು. ಟೈಲರಮ್ಮ ಕೈಯನ್ನು ಕೊರಳಿಗೆ ಒಯ್ದಳು. ಅಲ್ಲಿ ಅಳತೆಯ ಟೇಪು ಮಾತ್ರವಿತ್ತು.

ಸಾಲಿನ ನಡುವಿನಿಂದ ಸೂಜಿ ಒಂದು ಹೆಜ್ಜೆ ಪಕ್ಕಕ್ಕೆ ಬಂದು ಎರಡು ಬೆರಳು ಎತ್ತಿದಳು. ರಿಬ್ಬನ್ ಕಟ್ಟಿಕೊಂಡಿದ್ದ ಪಿಟೀಲು ಅವಳ ಕೈ ನೋಡಿ ಬೆನ್ನು ನೆಟ್ಟಗೆ ಮಾಡಿದ. ಹದಿಮೂರು ಜೊತೆ ಕಾಲುಗಳು ಸದ್ದಿಲ್ಲದೆ ಒಟ್ಟಿಗೆ ಎದ್ದು, ಒಟ್ಟಿಗೆ ಧೂಳಿನಲ್ಲಿ ಇಳಿದವು.